ಸೇವೆ ಸರಿ, ಸಂಬಳ ಎಲ್ಲಿ?

ಬೆಳಿಗ್ಗೆ ಎಂಟಕ್ಕೆ ಮದ್ದೂರು ಬಸ್ ನಿಲ್ದಾಣದಲ್ಲಿ ಟೈ ಕಟ್ಟಿದ ಮಕ್ಕಳ ಸಾಲು. ಮಿಷನ್ ಸ್ಕೂಲಿಗೇ ಯಾಕೆ ಎಂದರೆ ಅಪ್ಪಂದಿರ ಉತ್ತರ ಒಂದೇ: "ಸಿಸ್ತು ಚೆನ್ನಾಗದೆ, ಇಂಗ್ಲೀಸು ಬತ್ತದೆ." ಆ ಶಿಸ್ತಿನ ಹಿಂದೆ ನಿಂತ ಮೇಷ್ಟ್ರು, ಮಿಸ್ಸುಗಳ ಸುದ್ದಿ ಯಾರೂ ಎತ್ತುವುದಿಲ್ಲ.

ಕ್ರೈಸ್ತರಲ್ಲಿ ಪಾಠ ಹೇಳುವುದು ಬರೀ ನೌಕರಿಯಲ್ಲ, ದೇವರ ಕರೆ. ಇದು ಬಾಯಿಮಾತಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಕನ್ನಡ ಕಲಿತರು, ಶಾಲೆ ತೆರೆದರು. ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದರು. 1894ರಲ್ಲಿ ಕಿಟ್ಟೆಲ್ ನಿಘಂಟು ಬಂತು. ಆ ಋಣ ಸಣ್ಣದಲ್ಲ.

ಆದರೆ ಅವರ ಊಟ, ವಸತಿಗೆ ಮಿಷನ್ ಇತ್ತು. ಇಂದಿನ ಫಾದರ್, ಸಿಸ್ಟರ್‌ಗಳಿಗೂ ಅವರ ಸಭೆಯ ಆಸರೆ ಇದೆ. ಪಕ್ಕದ ಕ್ಲಾಸಿನಲ್ಲಿ ಪಾಠ ಹೇಳುವ, ಮಳವಳ್ಳಿಯಿಂದ ಬಸ್ ಹತ್ತಿ ಬರುವ ಸಂಸಾರಸ್ಥ ಹೆಣ್ಣುಮಗಳಿಗೆ? ಮನೆ ಬಾಡಿಗೆ, ಬಸ್ ಚಾರ್ಜು, ದಿನಸಿ ಬಾಕಿ. ಸೇವೆ ಮಾಡ್ತಾರೆ ಅಂತ ಅಂಗಡಿಯವನು ಅಕ್ಕಿ ಪುಕ್ಕಟೆ ಅಳೆದು ಕೊಡ್ತಾನೆಯೇ?

ಅನುದಾನಿತ ಶಾಲೆಯ ಮಂಜೂರಾದ ಹುದ್ದೆಗೆ ಸರ್ಕಾರದ ಸಂಬಳವುಂಟು. ಅನುದಾನವಿಲ್ಲದ ಕಡೆ ಬಹುಮಟ್ಟಿಗೆ ಆಡಳಿತ ಮಂಡಳಿ ಕೊಟ್ಟಿದ್ದೇ ಲೆಕ್ಕ. ಸಂಬಳ ಕೇಳಿದವರಿಗೆ 'ಇದು ಸೇವೆ' ಎಂಬ ಉತ್ತರ ಎಲ್ಲಿ ಬಂದರೂ ತಪ್ಪೇ. ಮಠದ ಶಾಲೆಗೂ ಇದೇ ಮಾತು. ದೇವರ ಕರೆ ಅವರವರ ಕಿವಿಗೆ ಕೇಳಿಸಬೇಕು, ಇನ್ನೊಬ್ಬರ ಹೆಗಲಿಗೆ ಹೇರುವುದಲ್ಲ. ದುಡಿದವನಿಗೆ ಕೂಲಿ ಸಲ್ಲಬೇಕೆಂಬುದು ಬೈಬಲ್ಲಿನದೇ ಬೋಧನೆ.

ಮುಂದಿನ ಪೋಷಕರ ಸಭೆಯಲ್ಲಿ ಫೀಸು ಯಾಕೆ ಏರಿತು ಎಂದು ಕೇಳುವವರು, ಅದರಲ್ಲಿ ಮಿಸ್ಸಿನ ಕೈಗೆಷ್ಟು ಎಂದೂ ಕೇಳಲಿ.