ತಾನೇ ತಿರುಗುವ ಚಕ್ರ

ಹಾನಗಲ್ಲು ತಾಲ್ಲೂಕಿನ ತಿಳವಳ್ಳಿಯ ಶಾಂತೇಶ್ವರ ದೇವಾಲಯವು ಹದಿಮೂರನೆಯ ಶತಮಾನದ್ದು. ಸೇವುಣ ಅರಸರ ಆಳಿಕೆಯ ಕಾಲದ್ದು. ಆ ಮನೆತನದ ಪ್ರಸಿದ್ಧ ದೊರೆ ಸಿಂಘಣನ ಆಸ್ಥಾನದಲ್ಲಿ ಚಾಂಗದೇವನೆಂಬ ಜ್ಯೋತಿಷಿಯಿದ್ದನು. ಈತನು ಭಾಸ್ಕರಾಚಾರ್ಯರ ಮೊಮ್ಮಗ. ಅಜ್ಜನ ಗ್ರಂಥಗಳ ಪಾಠ ನಡೆಯಲೆಂದು ಈತನು ಒಂದು ಮಠವನ್ನೇ ಸ್ಥಾಪಿಸಿದನು. ಮಹಾರಾಷ್ಟ್ರದ ಚಾಳೀಸಗಾಂವ್ ಬಳಿಯ ಪಾಟಣದಲ್ಲಿರುವ 1207ರ ಶಾಸನವು ಇದನ್ನು ಹೇಳುತ್ತದೆ. ಸೇವುಣರ ನಾಡಿನಲ್ಲಿ ಒಂದೆಡೆ ಶಿಲ್ಪಿಗಳು ಕಲ್ಲಿಗೆ ರೂಪು ಕೊಡುತ್ತಿದ್ದ ಆ ಶತಮಾನದಲ್ಲಿಯೇ, ಇನ್ನೊಂದೆಡೆ ಶಿಷ್ಯರು ಓದಬೇಕಾಗಿದ್ದ ಗ್ರಂಥದಲ್ಲಿ ಒಂದು ವಿಚಿತ್ರ ಚಕ್ರದ ವರ್ಣನೆಯಿತ್ತು.

1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರು ಮೂವತ್ತಾರನೆಯ ವಯಸ್ಸಿನಲ್ಲಿ, 1150ರಲ್ಲಿ, ‘ಸಿದ್ಧಾಂತಶಿರೋಮಣಿ’ಯನ್ನು ರಚಿಸಿದರು. ಅದರ ಗೋಳಾಧ್ಯಾಯದಲ್ಲಿ ಯಂತ್ರಗಳಿಗೆ ಮೀಸಲಾದ ಭಾಗವಿದೆ. ಹಗುರವಾದ ಮರದ ಚಕ್ರ; ಅದಕ್ಕೆ ಒಳಗೆ ಟೊಳ್ಳಾದ, ಸಮ ಅಳತೆಯ, ತುಸು ಬಾಗಿದ ಅರಗಳು; ಪ್ರತಿಯೊಂದು ಅರದಲ್ಲಿಯೂ ಅರ್ಧದಷ್ಟು ಪಾದರಸ; ಬಾಯಿಗಳೆಲ್ಲ ಭದ್ರವಾಗಿ ಮುಚ್ಚಿರಬೇಕು. ಇಂಥ ಚಕ್ರವನ್ನು ಎರಡು ಆಧಾರಗಳ ಮೇಲೆ ಅಚ್ಚಿನಲ್ಲಿ ನಿಲ್ಲಿಸಿದರೆ ಅದು ತಾನಾಗಿಯೇ ತಿರುಗುತ್ತದೆಂದು ಅಲ್ಲಿ ಹೇಳಿದೆ. ಇದಕ್ಕೆ ಸ್ವಯಂವಹ ಯಂತ್ರವೆಂದು ಹೆಸರು. ಇದಕ್ಕೂ ಐನೂರು ವರ್ಷಗಳ ಹಿಂದೆ, 628ರಲ್ಲಿ, ಬ್ರಹ್ಮಗುಪ್ತನೂ ಇಂಥ ಚಕ್ರವನ್ನು ವರ್ಣಿಸಿದ್ದನು.

ಈ ಚಕ್ರ ನಿಜವಾಗಿಯೂ ತಿರುಗೀತೆ? ವಾದ ಇಂದಿಗೂ ಮುಗಿದಿಲ್ಲ. ಆಚಾರ್ಯರು ಬರೆದದ್ದು ಸುಳ್ಳಾಗಲಾರದು, ಮಾಡುವ ಕೈಚಳಕ ಮಾತ್ರ ನಮ್ಮಲ್ಲಿ ಉಳಿದಿಲ್ಲವೆಂದು ಒಂದು ಪಕ್ಷ. ಇಂಥದನ್ನು ಬರೆದವರು ವಿಜ್ಞಾನಿಗಳೇ ಅಲ್ಲವೆಂದು ಇನ್ನೊಂದು ಪಕ್ಷ. ಎರಡು ಪಕ್ಷಗಳೂ ವ್ಯಕ್ತಿಯನ್ನು ಹಿಡಿದು ವಾದಿಸುತ್ತವೆಯೇ ಹೊರತು ಚಕ್ರವನ್ನು ಹಿಡಿದಲ್ಲ.

ಚಕ್ರವನ್ನೇ ನೋಡೋಣ. ಅರಗಳು ಬಾಗಿರುವುದರಿಂದ ಒಂದು ಮಗ್ಗುಲಲ್ಲಿ ಪಾದರಸವು ಅಂಚಿನ ಕಡೆಗೂ, ಇನ್ನೊಂದು ಮಗ್ಗುಲಲ್ಲಿ ನಡುವಿನ ಕಡೆಗೂ ಹರಿಯುತ್ತದೆ. ಅಚ್ಚಿನಿಂದ ದೂರವಾದ ಭಾರಕ್ಕೆ ಎಳೆತ ಹೆಚ್ಚು. ಆದುದರಿಂದ ಆ ಮಗ್ಗುಲು ಸದಾ ಇಳಿಯುತ್ತಿರಬೇಕೆಂಬುದು ಮೇಲುನೋಟದ ತರ್ಕ. ಆದರೆ ಲೆಕ್ಕ ಹಾಕಿದರೆ, ದೂರದಲ್ಲಿರುವ ಭಾರದ ಪಾಲು ಕಡಮೆ, ಹತ್ತಿರದಲ್ಲಿರುವ ಭಾರದ ಪಾಲು ಹೆಚ್ಚು ಎಂದು ತಿಳಿಯುತ್ತದೆ. ದೂರದ ಲಾಭವನ್ನು ಭಾರದ ನಷ್ಟ ನುಂಗಿಹಾಕುತ್ತದೆ. ಚಕ್ರವು ಸ್ವಲ್ಪ ಓಲಾಡಿ, ಸಮತೂಕ ಸಿಕ್ಕಿದಲ್ಲಿ ನಿಂತುಬಿಡುತ್ತದೆ.

ಲೆಕ್ಕ ಬೇಡವೆನ್ನುವವರಿಗೆ ಇನ್ನೂ ಸುಲಭವಾದ ದಾರಿಯಿದೆ. ಒಂದು ಸುತ್ತು ಮುಗಿದಾಗ ಪಾದರಸದ ಪ್ರತಿಯೊಂದು ಹನಿಯೂ ತಾನು ಹೊರಟ ಎತ್ತರಕ್ಕೇ ಮರಳಿರುತ್ತದೆ. ಇಳಿಯುವಾಗ ಅದು ಕೊಟ್ಟ ಶಕ್ತಿಯಷ್ಟನ್ನೂ ಏರುವಾಗ ವಾಪಸು ಕೇಳುತ್ತದೆ. ಹೀಗಿರುವಾಗ ಅಚ್ಚಿನ ಉಜ್ಜಾಟಕ್ಕೂ ಗಾಳಿಯ ತಡೆಗೂ ತೆರಬೇಕಾದ ಸುಂಕ ಎಲ್ಲಿಂದ ಬಂದೀತು? ಎಡಗಿಸೆಯ ಹತ್ತು ರೂಪಾಯಿಯನ್ನು ಬಲಗಿಸೆಗೆ, ಬಲಗಿಸೆಯದನ್ನು ಎಡಗಿಸೆಗೆ ಹಾಕುತ್ತ ಕುಳಿತರೆ ಸಂಸಾರ ಸಾಗೀತೆ? ಚಕ್ರದ ಗತಿಯೂ ಅಷ್ಟೇ.

ಈ ಆಸೆ ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ಸಿಂಘಣನು ಆಳುತ್ತಿದ್ದ ಶತಮಾನದಲ್ಲಿಯೇ ಫ್ರಾನ್ಸಿನ ವಿಲಾರ್ ದ ಒನೆಕೂರನು ಸುತ್ತಿಗೆಗಳನ್ನು ತೂಗುಬಿಟ್ಟ ಇಂಥದೇ ಚಕ್ರದ ಚಿತ್ರ ಬರೆದನು. ಜರ್ಮನಿಯ ಓರ್ಫಿರೇಯಸನು 1717ರಲ್ಲಿ ತನ್ನ ಚಕ್ರವನ್ನು ಕ್ಯಾಸೆಲ್ ಸಂಸ್ಥಾನದ ಅರಮನೆಯ ಕೋಣೆಯಲ್ಲಿ ತಿರುಗಿಸಿಟ್ಟನು. ಬಾಗಿಲಿಗೆ ಮುದ್ರೆ ಹಾಕಿ, ವಾರಗಳ ಮೇಲೆ ತೆರೆದಾಗಲೂ ಅದು ತಿರುಗುತ್ತಲೇ ಇತ್ತಂತೆ. ಆದರೆ ಒಳಗೇನಿದೆಯೆಂದು ತೋರಿಸಲು ಅವನು ಒಪ್ಪಲಿಲ್ಲ; ಮೊದಲು ಹಣ, ಆಮೇಲೆ ಗುಟ್ಟು. ವಿದ್ವಾಂಸನೊಬ್ಬನು 1721ರಲ್ಲಿ ಅದನ್ನು ಪರೀಕ್ಷಿಸಲು ಬಂದ ಮೇಲಂತೂ ತನ್ನ ಚಕ್ರವನ್ನು ತಾನೇ ಒಡೆದುಹಾಕಿದನು. 1775ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯು ಇಂಥ ಯಂತ್ರಗಳ ಅರ್ಜಿಗಳನ್ನು ಇನ್ನು ನೋಡುವುದಿಲ್ಲವೆಂದು ನಿರ್ಣಯಿಸಿತು. 1840ರ ದಶಕದಲ್ಲಿ ಮೇಯರ್, ಜೂಲ್, ಹೆಲ್ಮ್‌ಹೋಲ್ಟ್ಸ್ ಇವರ ದುಡಿಮೆಯಿಂದ ಶಕ್ತಿಯ ನಿತ್ಯತ್ವದ ನಿಯಮ ಸ್ಥಿರವಾಯಿತು. ಶಕ್ತಿ ರೂಪ ಬದಲಿಸೀತು; ಇಲ್ಲದೆಡೆಯಲ್ಲಿ ಹುಟ್ಟಲಾರದು.

ಹಾಗಾದರೆ ಶಿವನಸಮುದ್ರದಲ್ಲಿ 1902ರಿಂದ ಚಕ್ರಗಳು ತಿರುಗಿ, ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದದ್ದು ಹೇಗೆ? ಅಲ್ಲಿ ಎಣ್ಣೆಯೂ ಇಲ್ಲ, ಕಲ್ಲಿದ್ದಲೂ ಇಲ್ಲ! ನಿಜ, ಆದರೆ ಕಾವೇರಿಯ ನೀರನ್ನು ಎತ್ತರಕ್ಕೆ ಹೊತ್ತವನು ಒಬ್ಬನಿದ್ದಾನೆ. ಕಡಲ ನೀರನ್ನು ಆವಿ ಮಾಡಿ, ಮೋಡವಾಗಿಸಿ, ಕೊಡಗಿನ ಬೆಟ್ಟಗಳ ಮೇಲೆ ಸುರಿಯುವ ಕೂಲಿ ಸೂರ್ಯನದು. ಬಿಟ್ಟಿಯಾಗಿ ಕಾಣುವ ಪ್ರತಿಯೊಂದು ಚಲನೆಯ ಹಿಂದೆಯೂ ಹೀಗೆ ಬೆಲೆ ತೆತ್ತವರು ಯಾರೋ ಇರುತ್ತಾರೆ.

ಇದು ಬರಿಯ ಪಂಡಿತರ ಚರ್ಚೆಯಲ್ಲ. ಕರೆಂಟು ಬೇಡ, ಎಣ್ಣೆ ಬೇಡ, ಒಮ್ಮೆ ತಿರುಗಿಸಿದರೆ ಸಾಕು ಎನ್ನುವ ಮೋಟಾರುಗಳ ಚಿತ್ರಗಳು ಇಂದು ಮನೆಮನೆಯ ಮೊಬೈಲಿನಲ್ಲಿ ಓಡಾಡುತ್ತಿವೆ. ಕೊಳವೆಬಾವಿಯ ಪಂಪಿಗೆ ಕರೆಂಟು ಬರುವ ಹೊತ್ತನ್ನು ಕಾಯುತ್ತ ನಿದ್ದೆಗೆಟ್ಟ ರೈತನಿಗೆ ಅದು ದೇವರ ವರವಾಗಿ ತೋರಿದರೆ ಆಶ್ಚರ್ಯವಲ್ಲ. ಅದರೊಡನೆ ಭಾಸ್ಕರಾಚಾರ್ಯರ ಹೆಸರನ್ನೂ ಹೊಸೆದರೆ, ಅನುಮಾನಿಸುವುದೇ ಅಪಚಾರವೆನಿಸಿಬಿಡುತ್ತದೆ. ದುಡ್ಡು ಕೈಬಿಡುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದರ ಬೆಲೆಯನ್ನು ತೆರುತ್ತಿರುವವರು ಯಾರು? ಬಿಸಿಲು, ಗಾಳಿ, ನೀರು, ಬ್ಯಾಟರಿ ಎಂಬ ಉತ್ತರ ಬಂದರೆ ಮುಂದಿನ ವಿಚಾರ ಮಾಡಬಹುದು. ಯಾರೂ ಇಲ್ಲವೆಂದರೆ, ತೆರುವವನು ಕೊಳ್ಳುವವನೇ!

ಇದರಿಂದ ಆಚಾರ್ಯರ ಹಿರಿಮೆ ಕುಂದುವುದೆ? ಕುಂದದು. ಪರಂಪರೆಯಿಂದ ಬಂದ ‘ಚಕ್ರವಾಳ’ವೆಂಬ ಗಣಿತವಿಧಾನವನ್ನು ಅವರು ‘ಬೀಜಗಣಿತ’ದಲ್ಲಿ ವಿಸ್ತರಿಸಿದ್ದಾರೆ. ಯಾವ ಪೂರ್ಣಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಕೂಡಿಸಿದರೆ ಮತ್ತೊಂದು ವರ್ಗ ಬರುತ್ತದೆ? ಇದಕ್ಕೆ ಅತ್ಯಂತ ಚಿಕ್ಕ ಉತ್ತರವೇ 22,61,53,980. ಚಕ್ರವಾಳವು ಕೆಲವೇ ಹೆಜ್ಜೆಗಳಲ್ಲಿ ಅದನ್ನು ಹಿಡಿದುಕೊಡುತ್ತದೆ. ಫ್ರಾನ್ಸಿನ ಫರ್ಮಾ ಇದೇ 61ರ ಸಮಸ್ಯೆಯನ್ನು ಯೂರೋಪಿನ ಗಣಿತಜ್ಞರಿಗೆ ಸವಾಲಾಗಿ ಒಡ್ಡಿದ್ದು 1657ರಲ್ಲಿ, ಐನೂರು ವರ್ಷಗಳ ಮೇಲೆ. ಆಚಾರ್ಯರ ಮರದ ಚಕ್ರ ನಿಂತಿತು; ಗಣಿತದ ಚಕ್ರ ಇಂದಿಗೂ ನಡೆಯುತ್ತಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ನೋಡುವುದೇ ಅವರಿಗೆ ಸಲ್ಲುವ ಗೌರವ.

ಮನೆಯ ಹುಡುಗನೊಬ್ಬನು ಇಂಥ ಚಕ್ರ ಮಾಡುತ್ತೇನೆಂದು ಹೊರಟರೆ ಹಿರಿಯರು ನಗಬೇಕಾಗಿಲ್ಲ. ಪಾದರಸ ವಿಷ, ಅದು ಬೇಡ. ರಟ್ಟಿನ ಚಕ್ರ, ಕೆಲವು ಗೋಲಿಗಳು ಸಾಕು. ಅದು ಏಕೆ ನಿಂತಿತೆಂದು ಅವನೇ ಕಂಡುಹಿಡಿಯಲಿ. ಆಮೇಲೆ ತಿರುಗುವ ಚಕ್ರವನ್ನು ಮಾರಲು ಬಂದವನು ಆ ಮನೆಯ ಹೊಸ್ತಿಲು ದಾಟಲಾರನು.