ಕಟ್ಟಿಗೆಯ ಪೇಟೆಯೂ ಮನೆಯ ಯಜಮಾನನೂ

ಒಂದು ವಸ್ತುವಿನ ಧಾರಣೆಯು ಹದಿಮೂರು ತಿಂಗಳಲ್ಲಿ ಆರು ಪಟ್ಟು ಏರಿ, ಅಲ್ಲಿಂದ ನಾಲ್ಕು ತಿಂಗಳು ತುಂಬುವದರೊಳಗೆ ಮೂರರಲ್ಲಿ ಒಂದು ಪಾಲಿಗೂ ಕೆಳಗೆ ಕುಸಿಯಿತೆಂದು ಹೇಳಿದರೆ, ಅದು ಹತ್ತಿಯೋ ಮೆಣಸಿನಕಾಯಿಯೋ ಆಗಿರಬೇಕೆಂದು ನಮ್ಮ ವಾಚಕರು ಭಾವಿಸುವದು ಸಹಜ. ಆದರೆ ಅಮೇರಿಕೆಯಲ್ಲಿ 2020ರಿಂದ 2021ರವರೆಗೆ ಈ ಗತಿಯನ್ನು ಕಂಡದ್ದು ಮನೆ ಕಟ್ಟುವ ಸಾದಾ ಕಟ್ಟಿಗೆ. ಅಲ್ಲಿ ಕಟ್ಟಿಗೆಯನ್ನು ಅಳೆಯುವದು ಒಂದಡಿ ಉದ್ದ, ಒಂದಡಿ ಅಗಲ, ಒಂದಂಗುಲ ದಪ್ಪದ ಹಲಗೆಯ ಲೆಕ್ಕದಿಂದ. ಅಂಥ ಸಾವಿರ ಅಡಿಗಳಿಗೆ ಶಿಕಾಗೋ ನಗರದ ವಾಯಿದೆ ಪೇಟೆಯಲ್ಲಿ 2020ರ ಏಪ್ರಿಲ್ ಆರಂಭಕ್ಕೆ ಸುಮಾರು 260 ಡಾಲರು ಇದ್ದ ಬೆಲೆಯು 2021ರ ಮೇ ತಿಂಗಳಲ್ಲಿ 1,670 ಡಾಲರುಗಳನ್ನು ಮುಟ್ಟಿತು; ಆಗಸ್ಟಿನಲ್ಲಿ 500ರ ಕೆಳಗಿಳಿಯಿತು; 2022ರ ಮಾರ್ಚಿನಲ್ಲಿ ಮತ್ತೆ 1,400ರ ಸಮೀಪಕ್ಕೆ ಹೋಗಿ, ಆ ವರ್ಷ ಮುಗಿಯುವ ಹೊತ್ತಿಗೆ 400ಕ್ಕೂ ಕೆಳಗೆ ಬಂದು ನಿಂತಿತು.

ಅಮೇರಿಕೆಯ ಕಟ್ಟಿಗೆಯ ಗೊಡವೆ ನಮಗೇಕೆ ಎಂದು ಕೇಳುವವರುಂಟು. ಮಗನೋ ಮಗಳೋ ಟೆಕ್ಸಾಸಿನಲ್ಲಿಯೋ ಕ್ಯಾಲಿಫೋರ್ನಿಯಾದಲ್ಲಿಯೋ ಮನೆ ಕೊಂಡಿರುವ ಕುಟುಂಬಗಳು ಈಗ ನಮ್ಮ ಊರುಗಳಲ್ಲಿ ಓಣಿಗೊಂದಾದರೂ ಸಿಕ್ಕುವವು. ಅಲ್ಲಿಯ ಸಾಲದ ಬಿಸಿಯು ಇಲ್ಲಿಯ ತಂದೆತಾಯಿಗಳಿಗೂ ತಗಲದೆ ಇರುವದಿಲ್ಲ. ಅದಕ್ಕಿಂತ ಮುಖ್ಯವಾದ ಕಾರಣವೆಂದರೆ, ಪೇಟೆಯ ಏರಿಳಿತದಲ್ಲಿ ಏರು ಯಾರ ಪಾಲಿಗೆ ಬರುವದು, ಇಳಿತ ಯಾರ ಪಾಲಿಗೆ ಹೋಗುವದು ಎಂಬದನ್ನು ಈ ಒಂದು ಪ್ರಕರಣವು ಕನ್ನಡಿ ಹಿಡಿದಂತೆ ತೋರಿಸುವದು. ಈ ಪಾಠವು ಸ್ವಂತ ಮನೆ ಕಟ್ಟಿಸುವ ನಮ್ಮ ಮಧ್ಯಮ ವರ್ಗದವರಿಗೂ ಅನ್ವಯಿಸತಕ್ಕದ್ದು.

ಅಮೇರಿಕೆಯ ಮನೆಯು ನಮ್ಮ ಮನೆಯಂತಲ್ಲ. ಅಲ್ಲಿ ಹೊಸದಾಗಿ ಕಟ್ಟುವ ಒಂಟಿ ಮನೆಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮನೆಗಳ ಗೋಡೆ, ಅಟ್ಟ, ಮಾಡುಗಳೆಲ್ಲ ಪೈನ್, ಫರ್ ಮೊದಲಾದ ಮೆದು ಮರಗಳ ಚೌಕಟ್ಟಿನ ಮೇಲೆಯೇ ನಿಲ್ಲುವವು. ಒಂದು ಸಾಧಾರಣ ಮನೆಗೆ ಸುಮಾರು 15,000 ಹಲಗೆಯಡಿಗಳಷ್ಟು ಕಟ್ಟಿಗೆ ಬೇಕು. ಆದುದರಿಂದ ನಮಗೆ ಕಬ್ಬಿಣ ಸಿಮೆಂಟುಗಳು ಹೇಗೋ ಅವರಿಗೆ ಕಟ್ಟಿಗೆ ಹಾಗೆ.

ಬೆಲೆ ಏರಿದ ಬಗೆಯಾದರೂ ವಿಚಾರಣೀಯವಾದದ್ದು. 2020ರ ಮಾರ್ಚಿನಲ್ಲಿ ಸಾಂಕ್ರಾಮಿಕ ರೋಗವು ಹಬ್ಬಿದ ಕೂಡಲೆ, ಇನ್ನು ಮನೆ ಕಟ್ಟುವವರು ಯಾರು ಎಂದುಕೊಂಡು ಗಿರಣಿಗಳವರು ಕೊಯ್ತವನ್ನು ಕಡಿಮೆ ಮಾಡಿದರು. ಅವರಿಗೆ ಹಳೆಯ ನೆನಪು ಇತ್ತು. 2005ರಲ್ಲಿ ಆ ದೇಶದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆಗಳ ಕೆಲಸ ಆರಂಭವಾಗಿದ್ದರೆ 2009ರಲ್ಲಿ ಐದೂವರೆ ಲಕ್ಷಕ್ಕೆ ಇಳಿದಿತ್ತು. ಎಷ್ಟೋ ಗಿರಣಿಗಳು ಆಗ ಮುಚ್ಚಿದವು ಮತ್ತೆ ತೆರೆಯಲಿಲ್ಲ. ಈ ಸಲ ಅವರ ಎಣಿಕೆ ತಲೆಕೆಳಗಾಯಿತು. ಮನೆಯಲ್ಲಿಯೇ ಕೂಡಬೇಕಾಗಿ ಬಂದ ಜನರು ಅಂಗಳಕ್ಕೆ ಹಲಗೆಯ ಜಗಲಿ ಹಾಕಿಸಿದರು, ಒಂದು ಕೋಣೆ ಹೆಚ್ಚಿಸಿದರು. ಸಾಲದ ಬಡ್ಡಿಯು ನೂರಕ್ಕೆ ಮೂರಕ್ಕಿಂತ ಕೆಳಗಿಳಿದದ್ದರಿಂದ ಬಾಡಿಗೆಯವರು ಹೊಸ ಮನೆಗೆ ಮುಗಿಬಿದ್ದರು. ಅಮೇರಿಕೆಯು ತನಗೆ ಬೇಕಾದ ಇಂಥ ಕಟ್ಟಿಗೆಯಲ್ಲಿ ಸುಮಾರು ಕಾಲು ಭಾಗವನ್ನು ಕೆನಡಾದಿಂದ ತರುವದು. ಅಲ್ಲಿಯ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿಯೋ, ಚಳಿಗಾಲದ ಥಂಡಿ ಕಡಿಮೆಯಾದ ಕಾರಣ ಸಾಯದೆ ಉಳಿದ ಒಂದು ಜೀರುಂಡೆಯು 1990ರ ದಶಕದ ಕೊನೆಯಿಂದ ಮೊದಲುಗೊಂಡು ಕೊಯ್ಯಲು ತಕ್ಕ ಪೈನ್ ಮರಗಳಲ್ಲಿ ಅರ್ಧಕ್ಕೂ ಹೆಚ್ಚನ್ನು ತಿಂದು ಹಾಕಿತ್ತು. 2021ರ ನವೆಂಬರಿನ ಮಹಾಪೂರವು ಅದೇ ಪ್ರಾಂತದಲ್ಲಿ ವ್ಯಾಂಕೂವರ್ ಬಂದರಕ್ಕೆ ಹೋಗುವ ರೈಲು ಹಾದಿಗಳನ್ನೇ ಕಡಿದಿತು. ಬೇಡಿಕೆಯೊಂದು ವಾರದಲ್ಲಿ ಹುಟ್ಟಬಲ್ಲದು. ಗಿರಣಿಯೊಂದು ಒಂದೆರಡು ವರ್ಷ, ಮರವೊಂದು ಮೂವತ್ತು ನಲವತ್ತು ವರ್ಷ ಬೇಡುವದು.

ಇನ್ನು ವಾಯಿದೆ ಪೇಟೆಯ ಮಾತು. ಶಿಕಾಗೋದಲ್ಲಿ ಕಟ್ಟಿಗೆಯ ಒಂದು ಸೌದೆಂದರೆ ಆಗ 1,10,000 ಅಡಿ, ಅಂದರೆ ರೈಲಿನ ಒಂದು ವಾಗಿಣಿಯ ಮಾಲು. ಇಷ್ಟು ದೊಡ್ಡ ಸೌದನ್ನು ಸಣ್ಣ ಗುತ್ತಿಗೆದಾರನು ಮಾಡುವಂತಿರಲಿಲ್ಲ. ಮಾಡುವವರು ಕೆಲವರೇ ಆದ್ದರಿಂದ ನಾಲ್ಕು ಜನರು ಒಮ್ಮೆಲೆ ಕೊಳ್ಳಲು ಬಂದರೆ ಧಾರಣೆಯು ಹಾರುತ್ತಿತ್ತು, ನಾಲ್ವರು ಹಿಂದೆ ಸರಿದರೆ ಬೀಳುತ್ತಿತ್ತು. 2022ರ ಆಗಸ್ಟಿನಲ್ಲಿ ಅಲ್ಲಿಯವರು 27,500 ಅಡಿಗಳ, ಎಂದರೆ ಒಂದು ಲಾರಿಯ ಮಾಲಿನ ಸಣ್ಣ ಸೌದನ್ನು ಆರಂಭಿಸಿ ಮರುವರ್ಷ ಹಳೆಯದನ್ನು ನಿಲ್ಲಿಸಿದರು. ಒಳ್ಳೆಯ ಸುಧಾರಣೆಯೇ ಸರಿ. ಆದರೆ ಊರು ಸುಟ್ಟ ಮೇಲೆ ತೋಡಿದ ಬಾವಿ.

ಹಣವು ಎಲ್ಲಿಗೆ ಹೋಯಿತು? ಮರ ಬೆಳೆಸಿದವನಿಗೆ ಹೋಗಲಿಲ್ಲವೆಂಬದು ನಿಶ್ಚಯ. ಅಮೇರಿಕೆಯ ದಕ್ಷಿಣ ಸಂಸ್ಥಾನಗಳಲ್ಲಿ, 1985ರ ಕೃಷಿ ಕಾಯದೆಯ ಸಹಾಯಧನವನ್ನು ನಂಬಿ ಲಕ್ಷಾಂತರ ಎಕರೆ ಹೊಲಗಳಲ್ಲಿ ಪೈನ್ ನೆಟ್ಟ ರೈತರಿದ್ದಾರೆ. ಆ ಮರಗಳು ಕೊಯ್ತಕ್ಕೆ ಬರುವ ಹೊತ್ತಿಗೆ ಸರಿಯಾಗಿ 2008ರ ಮುಗ್ಗಟ್ಟು ಬಂದು, ಕಡಿಯದೆ ಉಳಿದ ಮರವು ರಾಶಿಯಾಯಿತು. ಕೊಳ್ಳುವ ಗಿರಣಿಗಳು ಕಡಿಮೆಯಾಗಿದ್ದವು. ಆದುದರಿಂದ ಹಲಗೆಯ ಬೆಲೆ ಆರು ಪಟ್ಟಾದ ವರ್ಷದಲ್ಲಿಯೂ ನಿಂತ ಮರದ ಬೆಲೆಯು ಇದ್ದಲ್ಲಿಂದ ಹೆಚ್ಚು ಕದಲಲಿಲ್ಲ. ಹತ್ತಿಯ ಬೆಲೆಗೂ ಅರಿವೆಯ ಬೆಲೆಗೂ ಇರುವ ಅಂತರವನ್ನು ಬಲ್ಲ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೊರೆತ ಲಾಭದಲ್ಲಿ ಸಿಂಹಪಾಲು ನಡುವಿನ ಗಿರಣಿಗಳದ್ದು. ಕೆನಡಾದ ವೆಸ್ಟ್ ಫ್ರೇಜರ್ ಕಂಪನಿಯೊಂದೇ 2021ರಲ್ಲಿ ಸುಮಾರು 290 ಕೋಟಿ ಡಾಲರು ನಿವ್ವಳ ಲಾಭ ಪಡೆಯಿತು. ಅದೇ ಕಂಪನಿ 2023ರಲ್ಲಿ ನಷ್ಟವನ್ನು ತೋರಿಸಿತೆಂಬದನ್ನೂ ನ್ಯಾಯವಾಗಿ ಹೇಳಬೇಕು. ಬ್ರಿಟಿಷ್ ಕೊಲಂಬಿಯಾದಲ್ಲಿ ಗಿರಣಿಗಳು ಮುಚ್ಚಿ ಸಣ್ಣ ಸಣ್ಣ ಊರುಗಳ ಕೂಲಿಕಾರರು ಬೀದಿಗೆ ಬಿದ್ದರು. ಏರಿಳಿತವು ಗಿರಣಿಯನ್ನೂ ಬಿಡದು. ಆದರೆ ಕೊಬ್ಬಿದ ವರ್ಷದ ಗಳಿಕೆಯಿಂದ ಬಡಕಲು ವರ್ಷವನ್ನು ಕಳೆಯುವ ಉಪಾಯ ಗಿರಣಿಗೆ ಉಂಟು. ವ್ಯಾಪಾರಿಯು ಇಂದು ಕಳಕೊಂಡದ್ದನ್ನು ನಾಳೆ ಗಳಿಸುವನು. ಗುತ್ತಿಗೆದಾರನು ಒಂದು ಮನೆಯಲ್ಲಿ ಸೋತರೆ ಇನ್ನೊಂದರಲ್ಲಿ ಗೆಲ್ಲುವನು. ಜನ್ಮದಲ್ಲಿ ಒಂದೇ ಮನೆ ಕೊಳ್ಳುವವನಿಗೆ ಮಾತ್ರ ಎರಡನೆಯ ಆಟವೆಂಬದಿಲ್ಲ.

ಲೆಕ್ಕವನ್ನು ನೋಡೋಣ. ಹೊಸ ಮನೆಯೊಂದರ ಬೆಲೆಯು ಕಟ್ಟಿಗೆಯ ದೆಸೆಯಿಂದ ಒಂದೇ ವರ್ಷದಲ್ಲಿ ಸುಮಾರು 36,000 ಡಾಲರು ಏರಿತೆಂದು ಅಲ್ಲಿಯ ಗೃಹನಿರ್ಮಾಪಕರ ರಾಷ್ಟ್ರೀಯ ಸಂಘವು 2021ರ ಏಪ್ರಿಲಿನಲ್ಲಿ ಸಾರಿತು. ಕಟ್ಟಿ ಮಾರುವವರ ಸಂಘದ ಲೆಕ್ಕವಾದ್ದರಿಂದ ಸ್ವಲ್ಪ ಮುರಿದುಕೊಂಡೇ ಓದತಕ್ಕದ್ದು. ಆದರೂ 15,000 ಅಡಿಗಳಿಗೆ ಶಿಕಾಗೋದ ಕೆಳಗಿನ ಧಾರಣೆಗೂ ಮೇಲಿನ ಧಾರಣೆಗೂ ಇರುವ ಅಂತರವನ್ನು ನಾವೇ ಗುಣಿಸಿ ನೋಡಿದರೆ 21,000 ಡಾಲರು ಮೀರುವದು. ಚಕ್ಕೆಗಳನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ, ಪ್ಲಾಯ್‌ವುಡ್ ಮುಂತಾದವು ಬೇರೆ. 36,000ವೆಂದೇ ಹಿಡಿಯೋಣ. ನೂರಕ್ಕೆ ಮೂರರ ಬಡ್ಡಿಯಲ್ಲಿ ಮೂವತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 152 ಡಾಲರಿನಂತೆ 360 ಕಂತುಗಳು. ಒಟ್ಟು 54,000ಕ್ಕೂ ಮಿಗಿಲು. ಪೇಟೆಯಲ್ಲಿ ಕೆಲವೇ ವಾರ ನಿಂತ ಧಾರಣೆಗೆ, ಆ ವಾರ ರುಜು ಹಾಕಿದ ಮನುಷ್ಯನು 2051ನೆಯ ಇಸವಿಯವರೆಗೆ ಕಂತು ಕಟ್ಟಬೇಕು. ಹಲಗೆ ಅಗ್ಗವಾದದ್ದನ್ನು ಅವನು ವರ್ತಮಾನಪತ್ರದಲ್ಲಿ ಓದಬಹುದು, ಅಷ್ಟೆ.

ಕಟ್ಟಿಗೆ ಅಗ್ಗವಾದ ಮೇಲೆ ಬಂದವನಾದರೂ ಸುಖಪಟ್ಟನೇ? ಇಲ್ಲ. 2023ರ ಆರಂಭಕ್ಕೆ ಹಲಗೆಯ ಬೆಲೆಯು ಹೆಚ್ಚು ಕಡಿಮೆ 2019ರ ಮಟ್ಟಕ್ಕೆ ಮರಳಿತ್ತು. ಹೊಸ ಮನೆಯ ಮಧ್ಯಮ ಬೆಲೆಯಾದರೋ 2019ರಲ್ಲಿ ಸುಮಾರು 3,21,000 ಡಾಲರು ಇದ್ದದ್ದು 2023ರಲ್ಲಿ ಸುಮಾರು 4,28,000 ಆಗಿತ್ತು. ಭೂಮಿ, ಕೂಲಿ, ಉಳಿದ ಸಾಮಾನುಗಳೂ ಏರಿದ್ದು ನಿಜ. ಮನೆಯ ಬೆಲೆಗೆಲ್ಲ ಕಟ್ಟಿಗೆಯೇ ಕಾರಣವೆಂದು ನಾವು ಹೇಳುವದಿಲ್ಲ. ಆದರೆ ಏರುವಾಗ ಕಟ್ಟಿಗೆಯ ಹೆಸರು ಹೇಳಿದವರು ಇಳಿಯುವಾಗ ಅದರ ಹೆಸರನ್ನೇ ಮರೆತರು. ಕಟ್ಟಿಗೆ ಇಳಿದದ್ದಾದರೂ ಏಕೆ? ಬಡ್ಡಿ ಏರಿ, ಕಟ್ಟುವವರೂ ಕೊಳ್ಳುವವರೂ ಹಿಂದೆ ಸರಿದದ್ದರಿಂದ. 2023ರ ಅಕ್ಟೋಬರಿನಲ್ಲಿ ಬಡ್ಡಿಯು ನೂರಕ್ಕೆ 7.8ರ ಸಮೀಪಕ್ಕೆ ಬಂದಿತು. ಮೂರು ಲಕ್ಷ ಡಾಲರಿನ ಸಾಲಕ್ಕೆ ಮೊದಲು 1,265 ಡಾಲರು ಇದ್ದ ತಿಂಗಳ ಕಂತು ಆಗ 2,150ಕ್ಕೂ ಮೇಲೆ ಹೋಯಿತು. ಎಲ್ಲರ ಕೈಗೂ ಸಾಲ ಎಟುಕುವಾಗ ಕಟ್ಟಿಗೆ ತುಟ್ಟಿ. ಕಟ್ಟಿಗೆ ಅಗ್ಗವಾದಾಗ ಸಾಲ ಎಟುಕದು. ಮನೆಯಾಸೆಯವನು ಎರಡೂ ಕಡೆಗೆ ಪೆಟ್ಟು ತಿನ್ನುವದು ಈ ವ್ಯವಸ್ಥೆಯ ಆಕಸ್ಮಿಕವಲ್ಲ, ಸ್ವಭಾವ.

ಸರಕಾರಗಳು ಇದನ್ನು ತಿದ್ದುವ ಬದಲು ಕದಡಿದ್ದೇ ಹೆಚ್ಚು. ಅಮೇರಿಕೆಗೂ ಕೆನಡಾಕ್ಕೂ ಕಟ್ಟಿಗೆಯ ಜಕಾತಿಯ ಜಗಳವು 1982ರಿಂದ ನಡೆದು ಬಂದಿದೆ. 2006ರ ಒಪ್ಪಂದವು 2015ರಲ್ಲಿ ಮುಗಿದ ಮೇಲೆ 2017ರಿಂದ ಮತ್ತೆ ಸುಂಕ ಹೇರಲಾಯಿತು. 2025ರಲ್ಲಿ ಅದು ನೂರಕ್ಕೆ 35ಕ್ಕೆ ಏರಿ, ಅಕ್ಟೋಬರ್ 14ರಿಂದ ಇನ್ನೂ ನೂರಕ್ಕೆ 10 ಕೂಡಿತು. ಸುಂಕ ಬರುವದೆಂಬ ಭೀತಿಯಿಂದ ವ್ಯಾಪಾರಿಗಳು ಮಾಲು ತುಂಬಿಸಿದ್ದರಿಂದ ಬೆಲೆ ಮೊದಲು ಏರಿತು. ಮನೆ ಕಟ್ಟುವವರೇ ಇಲ್ಲವಾದಾಗ ಸುಂಕವಿದ್ದೂ ಇಳಿಯಿತು.

ಈಗ ನಮ್ಮ ಮನೆಯ ಮಾತಿಗೆ ಬರೋಣ. ನಮ್ಮಲ್ಲಿ ತೊಲೆ ಜಂತಿಗಳ ಕಾಲ ಹೋಯಿತು. ಬಾಗಿಲು ಕಿಟಕಿಗಳ ಚೌಕಟ್ಟಿಗೆ ಮಾತ್ರ ಮರ ಉಳಿದಿದೆ. ಬ್ರಹ್ಮದೇಶವು 2014ರ ಏಪ್ರಿಲ್ 1ರಿಂದ ದಿಮ್ಮಿಗಳ ನಿರ್ಯಾತವನ್ನು ನಿಲ್ಲಿಸಿದ ಮೇಲೆ ಸಾಗುವಾನಿಯ ಆಸೆಯನ್ನು ಅನೇಕರು ಬಿಟ್ಟಿದ್ದಾರೆ. ಕಟ್ಟಿಗೆಯ ಸ್ಥಾನದಲ್ಲಿ ಕಬ್ಬಿಣದ ಸಳಿ ಬಂದು ಕೂತಿದೆ. 2022ರ ಬೇಸಿಗೆಯಲ್ಲಿ ಕಬ್ಬಿಣವು ಏರಿ ಏರಿ, ಮೇ ತಿಂಗಳಲ್ಲಿ ಕೇಂದ್ರ ಸರಕಾರವು ಉಕ್ಕಿನ ನಿರ್ಯಾತಕ್ಕೆ ನೂರಕ್ಕೆ 15ರ ಸುಂಕ ಹಾಕಿದೊಡನೆ ಇಳಿದದ್ದು ವಾಚಕರ ನೆನಪಿನಲ್ಲಿರಬಹುದು. ನಮ್ಮ ಮುದ್ರಣಾಲಯದ ಹಿಂದೆ ಕಾಗದದ ಉಗ್ರಾಣವನ್ನು ಕಟ್ಟಿಸಿದ್ದು ಅದೇ ವರ್ಷ. ಸಳಿ ಏರಿತೆಂದು ಗುತ್ತಿಗೆದಾರರು ಎರಡು ಸಲ ಹೆಚ್ಚಿನ ಹಣ ಕೇಳಿದರು, ಕೊಟ್ಟೆವು. ಇಳಿದ ಮೇಲೆ ನಾವು ಕೇಳಿದಾಗ, ಮಾಲು ಮೊದಲೇ ತಂದದ್ದೆಂಬ ಉತ್ತರ ಬಂದಿತು. ಮಾಲು ಮೊದಲೇ ತಂದಿದ್ದರೆ ಏರಿದ್ದರ ಹಣ ಏಕೆಂದು ಕೇಳುವ ಬುದ್ಧಿ ನಮಗೆ ಹೊಳೆದದ್ದು ಲೆಕ್ಕ ತೀರಿಸಿದ ಮರುದಿನ.

ಸರಕಾರವು ತನ್ನ ಕಟ್ಟಡಗಳ ಮಟ್ಟಿಗೆ ಇಷ್ಟು ಮುಗ್ಧವಲ್ಲ. ಕೇಂದ್ರದ ಲೋಕೋಪಯೋಗಿ ಇಲಾಖೆಯ ಕರಾರುಗಳಲ್ಲಿ, ಸಾಮಾನಿನ ಬೆಲೆ ಏರಿದರೆ ಗುತ್ತಿಗೆದಾರನಿಗೆ ಕೂಡಿಸಿ ಕೊಡುವ, ಇಳಿದರೆ ಅವನ ಬಿಲ್ಲಿನಿಂದ ಮುರಿದುಕೊಳ್ಳುವ ಕಲಮುಗಳಿವೆ. ನಮ್ಮ ವಾಚಕರಲ್ಲಿಯ ಎಂಜಿನಿಯರರು ಇದನ್ನು ದಿನವೂ ಬಳಸುವವರು. 2016ರ ಸ್ಥಿರಾಸ್ತಿ ಕಾಯದೆಯಾದರೋ ಕಟ್ಟಡ ಕಟ್ಟಿ ಮಾರುವ ಕಂಪನಿಗಳನ್ನು ಹಿಡಿಯುವದೇ ಹೊರತು, ತನ್ನ ನಿವೇಶನದಲ್ಲಿ ಗುತ್ತಿಗೆ ಕೊಟ್ಟು ಮನೆ ಕಟ್ಟಿಸುವ ಶಾಲಾ ಮಾಸ್ತರನನ್ನೋ ಅಂಗಡಿಕಾರನನ್ನೋ ಕಾಯುವದಿಲ್ಲ. ಅವನ ಕರಾರು ಬಹಳವಾದರೆ ಒಂದು ಹಾಳೆ; ಎಷ್ಟೋ ಸಲ ಬಾಯಿಮಾತು.

ಇದಕ್ಕೆ ಹೊಸ ಕಾಯದೆಯೇನೂ ಬೇಕಿಲ್ಲ. ನಗರಸಭೆಗಳು ಕಟ್ಟಡದ ಪರವಾನಗಿ ಕೊಡುವಾಗ ಅದರ ಜತೆಗೇ ಎರಡು ಪುಟದ ಮಾದರಿ ಕರಾರನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಲಿ. ಸಳಿ, ಸಿಮೆಂಟು, ಮರ ಇವುಗಳ ಕರಾರಿನ ದಿನದ ಧಾರಣೆಯನ್ನು ಅದರಲ್ಲಿ ನಮೂದಿಸಲು ಜಾಗವಿರಲಿ. ಮಾಲು ಇಳಿಸಿದ ದಿನದ ಪಾವತಿಯನ್ನು ಯಜಮಾನನಿಗೆ ತೋರಿಸತಕ್ಕದ್ದೆಂದಿರಲಿ. ಏರಿದ್ದನ್ನು ಕೂಡಿಸುವ ಕಲಮಿನ ಕೆಳಗೆ, ಅದೇ ಅಳತೆಯ ಅಕ್ಷರಗಳಲ್ಲಿ, ಇಳಿದದ್ದನ್ನು ಕಳೆಯುವ ಕಲಮೂ ಇರಲಿ. ಯಾವ ನಗರಸಭೆಯ ಅಧಿಕಾರಿಗಳಾದರೂ ಇಂಥ ಮಸೂದೆಯನ್ನು ಸಿದ್ಧಪಡಿಸಿ ಕಳಿಸಿದಲ್ಲಿ ಅದನ್ನು ಈ ಪತ್ರಿಕೆಯಲ್ಲಿ ಶುಲ್ಕವಿಲ್ಲದೆ ಪೂರ್ತಿಯಾಗಿ ಅಚ್ಚು ಮಾಡುವೆವು.