ಸಿಡಿಲು ಹೊಡೆದದ್ದು ಕಂಪ್ಯೂಟರಿಗೆ, ಪಾಸ್‌ವರ್ಡ್ ಕಳೆದದ್ದು ನಾವು

ಏಪ್ರಿಲ್‌ನಲ್ಲಿ ಸಕಲೇಶಪುರ, ಆಲೂರು ಕಡೆ ಮಳೆ ಬಂತು ಅಂದ್ರೆ ಮನೆಯಲ್ಲಿ ಎಲ್ಲರಿಗೂ ಖುಷಿ. ಕಾಫಿ ಹೂವಿಗೆ ಮಳೆ ಬೇಕು, ಮೆಣಸಿಗೂ ಬೇಕು. ಆದರೆ ಮುಂಗಾರಿಗೆ ಮೊದಲಿನ ಈ ಮಳೆ ಒಂಟಿಯಾಗಿ ಬರೋದಿಲ್ಲ, ಗುಡುಗು ಸಿಡಿಲನ್ನು ಜೊತೆಗೆ ಕರ್ಕೊಂಡೇ ಬರುತ್ತೆ. ಮೋಡ ಕಟ್ಟಿದ ಕೂಡಲೇ ಅಜ್ಜಿ "ಟೀವಿ ವೈರ್ ಕೀಳ್ರೋ" ಅಂತ ಕೂಗೋದು ನಮ್ಮೂರುಗಳ ಮಕ್ಕಳಿಗೆಲ್ಲ ಗೊತ್ತಿರುವ ಮಾತು.

ಹಾನುಬಾಳು ಕಡೆಯ ಒಂದು ಮನೆಯಲ್ಲಿ ಅವತ್ತು ಟೀವಿ ವೈರ್ ಕಿತ್ತಿದ್ದರು, ಕಂಪ್ಯೂಟರಿನ ಪ್ಲಗ್ಗೂ ಕಿತ್ತಿದ್ದರು. ಮೋಡೆಮ್‌ನಿಂದ ಕಂಪ್ಯೂಟರಿಗೆ ಬರುವ ನೆಟ್ ಕೇಬಲ್ ಮಾತ್ರ ಹಾಗೇ ಉಳಿದಿತ್ತು. ಸಿಡಿಲಿಗೆ ಅಷ್ಟು ದಾರಿ ಸಾಕಾಯ್ತು. ಮೋಡೆಮ್ ಕರಕಲಾಯ್ತು, ಮದರ್‌ಬೋರ್ಡ್ ಸತ್ತಿತು. ಅದು ನಮ್ಮಲ್ಲೊಬ್ಬನ ದೊಡ್ಡಪ್ಪನ ಮನೆ. ತೋಟದ ಲೆಕ್ಕ, ಆಳುಗಳ ಬಟವಾಡೆ, ಹೋಂಸ್ಟೇ ಬುಕಿಂಗ್, ತಂಗಿಯ ಸ್ಕಾಲರ್‌ಶಿಪ್ ಅರ್ಜಿ ಎಲ್ಲವೂ ಇದ್ದದ್ದು ಆ ಒಂದು ಡಬ್ಬದಲ್ಲಿ. ನಾವು ರಜಕ್ಕೆ ಊರಿಗೆ ಹೋದಾಗ ದೊಡ್ಡಪ್ಪ ಹೇಳಿದ್ದು ಒಂದೇ ಮಾತು: "ನೀವೆಲ್ಲ ಇಂಜಿನಿಯರಿಂಗ್ ಓದ್ತಿದೀರಲ್ಲಪ್ಪ, ಏನಾರ ಮಾಡಿ."

ನಾವು ಮೂರು ಜನ ಕೂತೆವು. ಶುರು ಚೆನ್ನಾಗೇ ಆಯ್ತು. ಹಾರ್ಡ್ ಡಿಸ್ಕ್ ಬದುಕಿತ್ತು. ಬಿಚ್ಚಿ, ಯುಎಸ್‌ಬಿ ಕೇಸಿಂಗ್‌ಗೆ ಹಾಕಿ ಲ್ಯಾಪ್‌ಟಾಪಿಗೆ ಚುಚ್ಚಿದರೆ ಫೋಟೋ, ಪಿಡಿಎಫ್, ಲೆಕ್ಕದ ಫೈಲು ಎಲ್ಲ ಕಂಡವು. ದೊಡ್ಡಪ್ಪ ನುಡಿಯಲ್ಲಿ ಟೈಪ್ ಮಾಡಿಟ್ಟಿದ್ದ ಹಳೇ ಪತ್ರಗಳು ತೆರೆದಾಗ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನದ ಹಾಗೆ ಕಾಣುತ್ತಿದ್ದವು. ಯೂನಿಕೋಡ್‌ಗಿಂತ ಹಿಂದಿನ ಫಾಂಟಿನವು, ಆ ಫಾಂಟ್ ಇಲ್ಲದಿದ್ದರೆ ಹಾಗೇ ಕಾಣೋದು. ಕನ್ನಡ ಗಣಕ ಪರಿಷತ್ತಿನ ನುಡಿ ಉಚಿತ ತಂತ್ರಾಂಶ, ಕೀ ಇಲ್ಲ, ಸೀರಿಯಲ್ ನಂಬರ್ ಇಲ್ಲ. ಇಳಿಸಿಕೊಂಡು ಹಾಕಿದೆವು, ಪತ್ರಗಳು ಕನ್ನಡದಲ್ಲಿ ಎದ್ದು ಕೂತವು. ಅಲ್ಲಿಗೆ ನಮ್ಮ ಹೀರೋಗಿರಿ ಮುಗೀತು.

ಯಾಕಂದ್ರೆ ಆಮೇಲೆ ಬಂದದ್ದು ಪಾಸ್‌ವರ್ಡ್. "ಅದು ಕಂಪ್ಯೂಟರಿಗೇ ಗೊತ್ತಿತ್ತು, ತಾನೇ ತುಂಬ್ಕೊಳ್ತಿತ್ತು" ಅಂದರು ದೊಡ್ಡಪ್ಪ. ನಿಜ. ಬ್ರೌಸರ್‌ಗೆ ಗೊತ್ತಿತ್ತು. ಆದರೆ ಬ್ರೌಸರ್ ಅದನ್ನು ಹೇಗೆ ಇಟ್ಟುಕೊಂಡಿರುತ್ತೆ ಅನ್ನೋದನ್ನು ನಾವು ಅವತ್ತಿನ ತನಕ ಸರಿಯಾಗಿ ಯೋಚಿಸಿರಲೇ ಇಲ್ಲ. ಫೈರ್‌ಫಾಕ್ಸ್‌ನಲ್ಲಿ ಲೆಕ್ಕ ಸುಲಭ. ಪ್ರೊಫೈಲ್ ಫೋಲ್ಡರಿನಲ್ಲಿ ಎರಡು ಫೈಲು ಇರುತ್ತವೆ, ಒಂದು ಲಾಗಿನ್‌ಗಳದ್ದು, ಇನ್ನೊಂದು ಬೀಗದ ಕೈಯದ್ದು. ಎರಡನ್ನೂ ಹೊಸ ಕಂಪ್ಯೂಟರಿನ ಪ್ರೊಫೈಲಿಗೆ ಕಾಪಿ ಮಾಡಿದರೆ ಪಾಸ್‌ವರ್ಡ್‌ಗಳು ವಾಪಸ್. ಪ್ರೈಮರಿ ಪಾಸ್‌ವರ್ಡ್ ಹಾಕಿದ್ದರೆ ಅದು ನೆನಪಿರಬೇಕು, ಅಷ್ಟೆ. (ಹಾಕಿರದಿದ್ದರೆ ಆ ಎರಡು ಫೈಲು ಸಿಕ್ಕ ಕಳ್ಳನಿಗೂ ಅಷ್ಟೇ ಸುಲಭ, ಅದೂ ನೆನಪಿರಲಿ.)

ದೊಡ್ಡಪ್ಪ ಬಳಸುತ್ತಿದ್ದದ್ದು ಕ್ರೋಮ್. ವಿಂಡೋಸ್‌ನಲ್ಲಿ ಕ್ರೋಮ್ ತನ್ನ ಪಾಸ್‌ವರ್ಡ್ ಫೈಲಿಗೆ ಹಾಕುವ ಬೀಗದ ಕೈಯನ್ನು ವಿಂಡೋಸ್ ಬಳಕೆದಾರರ ಲಾಗಿನ್ನಿಗೆ ಗಂಟು ಹಾಕಿರುತ್ತೆ. ಬರೀ ಫೈಲನ್ನು ಬೇರೆ ಕಂಪ್ಯೂಟರಿಗೆ ಒಯ್ದರೆ ಏನೂ ತೆರೆಯೋದಿಲ್ಲ. ಗೂಗಲ್ ಖಾತೆಗೆ ಸಿಂಕ್ ಆಗಿದ್ದರೆ ಲಾಗಿನ್ ಆದ ಕೂಡಲೇ ಎಲ್ಲ ಇಳಿದು ಬರುತ್ತಿತ್ತು, ಆದರೆ ಸಿಂಕ್ ಆನ್ ಮಾಡಿರಲಿಲ್ಲ. ಉಳಿದ ದಾರಿ ಅಂದ್ರೆ ಆ ಡಿಸ್ಕನ್ನೇ ಇನ್ನೊಂದು ಕಂಪ್ಯೂಟರಿಗೆ ಹಾಕಿ, ಅದೇ ವಿಂಡೋಸ್ ಬೂಟ್ ಮಾಡಿ, ಅದೇ ಲಾಗಿನ್ ಪಾಸ್‌ವರ್ಡ್ ಕೊಡೋದು. ದೊಡ್ಡಪ್ಪನಿಗೆ ಗೊತ್ತಿದ್ದದ್ದು ನಾಲ್ಕಂಕಿಯ ಪಿನ್ ಮಾತ್ರ. ಪಿನ್ ಸಾಮಾನ್ಯವಾಗಿ ಆ ಹಳೇ ಯಂತ್ರದ ಚಿಪ್ಪಿಗೆ ಅಂಟಿಕೊಂಡದ್ದು. ಯಂತ್ರ ಸತ್ತರೆ ಪಿನ್ನೂ ಸತ್ತ ಹಾಗೆ.

ಇಲ್ಲಿ ನಾವು ಮಾಡಬಹುದಾಗಿದ್ದ ದೊಡ್ಡ ತಪ್ಪೊಂದನ್ನು ಹೇಳಿಬಿಡುತ್ತೇವೆ. ವಿಂಡೋಸ್ ಪಾಸ್‌ವರ್ಡನ್ನು ಹೊರಗಿನಿಂದ ಒಡೆದು ತೆಗೆಯೋ ಟೂಲ್‌ಗಳಿವೆ, ಎಷ್ಟೋ ಅಂಗಡಿಗಳಲ್ಲಿ "ಪಾಸ್‌ವರ್ಡ್ ತೆಗೆದುಕೊಡ್ತೀವಿ" ಅಂತಾರೆ. ಹಾಗೆ ಬಲವಂತವಾಗಿ ಬದಲಿಸಿದರೆ ವಿಂಡೋಸ್ ಒಳಗೆ ಹೋಗಬಹುದು, ಆದರೆ ಹಳೇ ಪಾಸ್‌ವರ್ಡಿಗೆ ಗಂಟು ಹಾಕಿದ್ದೆಲ್ಲ ಮುಚ್ಚಿಹೋಗುತ್ತೆ. ಬೀರು ತೆರೆಯಲು ಹೋಗಿ ಒಳಗಿನ ಪೆಟ್ಟಿಗೆಯ ಬೀಗದ ಕೈ ಬಾವಿಗೆ ಎಸೆದ ಹಾಗೆ. ಅದೃಷ್ಟಕ್ಕೆ ನಾವು ಮೊದಲು ಡಿಸ್ಕಿನ ಪೂರ್ತಿ ಕಾಪಿ ತೆಗೆದಿಟ್ಟುಕೊಂಡಿದ್ದೆವು.

ಸರಿ, "ಫರ್ಗಾಟ್ ಪಾಸ್‌ವರ್ಡ್" ಒತ್ತಿದರಾಯ್ತಲ್ಲ ಅಂತೀರಾ? ಒತ್ತಿದೆವು. ಕೆಲವು ಖಾತೆಗಳ ಓಟಿಪಿ ದೊಡ್ಡಪ್ಪನ ಫೋನಿಗೇ ಬರುತ್ತಿತ್ತು. ಆದರೆ ಮನೆಯೊಳಗೆ ಸಿಗ್ನಲ್ ಇಲ್ಲ, ನೀರಿನ ಟ್ಯಾಂಕಿನ ಹತ್ತಿರ ಹೋದರೆ ಎರಡು ಕಡ್ಡಿ. ಒಬ್ಬ ಟ್ಯಾಂಕಿನ ಮೇಲೆ ನಿಂತು ಅಂಕಿ ಕೂಗೋದು, ಇನ್ನೊಬ್ಬ ಅಂಗಳದಲ್ಲಿ ನಿಂತು ಅದನ್ನು ಒಳಗೆ ದಾಟಿಸೋದು, ಅಷ್ಟರಲ್ಲಿ ಓಟಿಪಿ ಸಮಯ ಮುಗಿದಿರೋದು. ಇದನ್ನು ನಗುತ್ತಲೇ ಮಾಡಿದೆವು, ನಾಲ್ಕೈದು ಖಾತೆ ಹೀಗೇ ತೆರೆದವು. ತಂಗಿಯ ಅರ್ಜಿ ಕೊನೇ ದಿನಕ್ಕೆ ಮೊದಲೇ ಹೋಯ್ತು.

ನಗು ನಿಂತದ್ದು ಹೋಂಸ್ಟೇಯ ಇಮೇಲ್ ಹತ್ತಿರ. ರಿಕವರಿ ಫೋನ್ ನಂಬರಿನ ಕೊನೆಯ ಎರಡು ಅಂಕಿ ತೋರಿಸಿತು, ಮನೆಯಲ್ಲಿ ಯಾರದ್ದೂ ಅಲ್ಲ. ಸ್ವಲ್ಪ ಹೊತ್ತಿಗೆ ನಮ್ಮಲ್ಲೊಬ್ಬನ ಮುಖ ಸಪ್ಪಗಾಯ್ತು. ಪಿಯುಸಿ ಮುಗಿಸಿದ ರಜದಲ್ಲಿ ಆ ಇಮೇಲ್ ಮಾಡಿಕೊಟ್ಟವನು ಅವನೇ. ಬೇಗ ಮುಗೀಲಿ ಅಂತ ತನ್ನ ನಂಬರೇ ಕೊಟ್ಟಿದ್ದ. ಕಾಲೇಜಿಗೆ ಬಂದ ಮೇಲೆ ಆಫರ್ ಚೆನ್ನಾಗಿದೆ ಅಂತ ಬೇರೆ ಸಿಮ್ ತಗೊಂಡ, ಹಳೇ ಸಿಮ್ ಎಸೆದ. ಲೆಕ್ಕದ ಸಾಫ್ಟ್‌ವೇರಿನ ಲೈಸೆನ್ಸ್ ನೋಂದಣಿ ಆಗಿದ್ದದ್ದೂ ಅದೇ ಇಮೇಲಿಗೆ. ಇಂಥ ಲೈಸೆನ್ಸ್ ಒಂದು ಯಂತ್ರಕ್ಕೆ ಅಂಟಿರುತ್ತೆ. ಬೇರೆ ಕಡೆ ಹಾಕಬೇಕಾದರೆ ಹಳೆಯದರಿಂದ ಬಿಡಿಸಬೇಕು, ಇಲ್ಲವೇ ಕೊಂಡವರು ನಾವೇ ಅಂತ ಸಾಬೀತು ಮಾಡಬೇಕು. ದುಡ್ಡು ಕೊಟ್ಟು ಕೊಂಡ ರಸೀದಿ? ಇಮೇಲ್‌ನಲ್ಲಿತ್ತು!

ವಿಂಡೋಸ್ ಕಥೆ ಕೇಳಲೇಬೇಡಿ. ಸರಿಯಾದ ಡಿಜಿಟಲ್ ಲೈಸೆನ್ಸನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿದ್ದರೆ, ಮದರ್‌ಬೋರ್ಡ್ ಬದಲಾದ ಮೇಲೂ "ಹಾರ್ಡ್‌ವೇರ್ ಬದಲಿಸಿದ್ದೇನೆ" ಅಂತ ಹೇಳಿ ಮತ್ತೆ ಆ್ಯಕ್ಟಿವೇಟ್ ಮಾಡಲು ಪ್ರಯತ್ನಿಸುವ ದಾರಿ ಇದೆ. ಆದರೆ ಅಲ್ಲಿದ್ದ ವಿಂಡೋಸ್, ಆಫೀಸ್ ಎರಡೂ ಕ್ರ್ಯಾಕ್. ಪೆನ್‌ಡ್ರೈವ್‌ನಲ್ಲಿ ತಂದು ಹಾಕಿದವರು ನಾವೇ. "ಫ್ರೀಯಾಗಿ ಮಾಡ್ಕೊಟ್ವಿ ದೊಡ್ಡಪ್ಪ" ಅಂತ ಕಾಫಿ ಕುಡಿದು ಬಂದವರೂ ನಾವೇ. ಇಲ್ಲದ ಲೈಸೆನ್ಸನ್ನು ವಾಪಸ್ ಪಡೆಯೋದು ಹೇಗೆ?

ಹಾಗಾಗಿ ಈ ಬರಹದಲ್ಲಿ ನಾವು ಹೇಳಬೇಕಾದದ್ದು ರಿಕವರಿ ಟೂಲ್‌ಗಳ ವಿಷಯವಲ್ಲ. ಸಿಡಿಲು ಕಳೆದದ್ದು ಒಂದು ಮದರ್‌ಬೋರ್ಡ್. ಪಾಸ್‌ವರ್ಡು, ಲೈಸೆನ್ಸು ಕಳೆದದ್ದು ಅದಕ್ಕೂ ಎಷ್ಟೋ ವರ್ಷ ಮೊದಲು, ನಾವು ಅವಸರದಲ್ಲಿ ಖಾತೆ ಮಾಡಿಕೊಟ್ಟು ಏನನ್ನೂ ಬರೆದಿಡದೆ ಎದ್ದು ಬಂದ ದಿನ. ಮಲೆನಾಡಿನ ಎಷ್ಟೋ ಮನೆಗಳಿಗೆ ಐಟಿ ಡಿಪಾರ್ಟ್‌ಮೆಂಟ್ ಅಂದ್ರೆ ರಜಕ್ಕೆ ಬರುವ ಇಂಜಿನಿಯರಿಂಗ್ ಹುಡುಗ ಹುಡುಗಿಯರೇ. ನಮ್ಮ ಕೆಲಸ "ಓಪನ್ ಆಯ್ತಲ್ಲ" ಅನ್ನೋದರಲ್ಲೇ ಮುಗಿದುಹೋಗುತ್ತೆ. ಯಂತ್ರ ಕೆಟ್ಟ ದಿನ, ನಾವು ಊರಲ್ಲಿ ಇಲ್ಲದ ದಿನ, ಆ ಮನೆಯವರು ಏನು ಮಾಡಬೇಕು ಅನ್ನೋದು ನಮ್ಮ ತಲೆಗೇ ಬರೋದಿಲ್ಲ.

ನಮ್ಮ ವಾದ ಇಷ್ಟು: ಮನೆಯವರ ಪಾಸ್‌ವರ್ಡ್‌ಗಳನ್ನು ಪುಸ್ತಕದಲ್ಲಿ ಬರೆದಿಡಿ. ಹೌದು, ಪೆನ್ನಿನಲ್ಲಿ, ಕಾಗದದ ಮೇಲೆ.

"ಪಾಸ್‌ವರ್ಡ್ ಎಲ್ಲೂ ಬರೀಬೇಡಿ" ಅಂತ ನಮಗೆಲ್ಲ ಕಲಿಸಿದ್ದಾರೆ, ಕ್ಲಾಸಲ್ಲಿ ಯಾರಾದರೂ ಇದನ್ನು ಓದಿ ನಗಲೂಬಹುದು. ಆದರೆ ಬ್ರೂಸ್ ಶ್ನೈಯರ್‌ನಂಥ ಭದ್ರತಾ ತಜ್ಞರೇ 2005ರಷ್ಟು ಹಿಂದೆಯೇ ಬರೆದಿಡಿ ಎಂಬ ಸಲಹೆ ಕೊಟ್ಟಿದ್ದಾರೆ. ಯೋಚಿಸಿ ನೋಡಿ, ನಮ್ಮ ಕಳ್ಳ ಯಾರು? ಎಲ್ಲೋ ದೂರದೇಶದಲ್ಲಿ ಕೂತು ಸೋರಿಹೋದ ಪಾಸ್‌ವರ್ಡ್ ಪಟ್ಟಿ ಇಟ್ಟುಕೊಂಡು ಲಕ್ಷಗಟ್ಟಲೆ ಖಾತೆಗಳ ಬಾಗಿಲು ತಟ್ಟುವವನು. ಅವನಿಗೆ ಹಾನುಬಾಳಿನ ಟ್ರಂಕ್ ತೆರೆಯಲಾಗದು. ನೆನಪಿಟ್ಟುಕೊಳ್ಳಲೇಬೇಕು ಅಂದಾಗ ಜನ ಎಲ್ಲಾ ಕಡೆ ಒಂದೇ ಪಾಸ್‌ವರ್ಡ್, ಅದೂ ಮಗಳ ಹೆಸರು ಮತ್ತು ಹುಟ್ಟಿದ ವರ್ಷ ಹಾಕುತ್ತಾರೆ. ಬರೆದಿಡಬಹುದು ಅಂದರೆ ಒಂದೊಂದಕ್ಕೂ ಬೇರೆ, ಉದ್ದದ ಪಾಸ್‌ವರ್ಡ್ ಇಡಬಹುದು. ದೊಡ್ಡಪ್ಪನ ಮನೆಯಲ್ಲಿ ಅವರ ತಂದೆಯ ಕಾಲದ ಕ್ರಯಪತ್ರ ಇವತ್ತಿಗೂ ಟ್ರಂಕಿನಲ್ಲಿ ಭದ್ರವಾಗಿದೆ. ಕಾಗದ ಕಾಯುವುದು ಆ ಮನೆಗೆ ಗೊತ್ತು. ಗೊತ್ತಿಲ್ಲದ್ದನ್ನು ಕಲಿಸಲು ಹೋಗಿ ಗೊತ್ತಿದ್ದದ್ದನ್ನು ಬಿಡಿಸಿದವರು ನಾವು.

ಪಾಸ್‌ವರ್ಡ್ ಮ್ಯಾನೇಜರ್ ಇದೆಯಲ್ಲ ಅಂದರೆ, ನಮ್ಮಂಥವರಿಗೆ ಅದು ಖಂಡಿತ ಒಳ್ಳೆಯದು. ಬಿಟ್‌ವಾರ್ಡನ್, ಕೀಪಾಸ್ ಯಾವುದಾದರೂ ಆಗಲಿ, ಬಳಸಿ. ಆದರೆ ಅದರ ಮಾಸ್ಟರ್ ಪಾಸ್‌ವರ್ಡ್ ಮರೆತರೆ? ಅದಕ್ಕೂ ಕೊನೆಗೆ ಒಂದು ಕಾಗದ ಬೇಕೇ ಬೇಕು.

ಪುಸ್ತಕದಲ್ಲಿ ಎಲ್ಲವನ್ನೂ ಬರೆಯಬಾರದು. ಎಟಿಎಂ ಪಿನ್, ಯುಪಿಐ ಪಿನ್ ಬೇಡ. ಬರೆಯಬೇಕಾದದ್ದು ಖಾತೆಯ ಹೆಸರು, ಪಾಸ್‌ವರ್ಡ್, ಯಾವ ಫೋನ್ ನಂಬರಿಗೆ ಓಟಿಪಿ ಬರುತ್ತೆ, ಆ ಸಿಮ್ ಯಾರ ಹೆಸರಲ್ಲಿದೆ. ಗೂಗಲ್ ಖಾತೆಗೆ ಎರಡು ಹಂತದ ಲಾಗಿನ್ ಇದ್ದರೆ 10 ಬ್ಯಾಕಪ್ ಕೋಡ್ ಕೊಡುತ್ತೆ, ಒಂದೊಂದೂ ಒಂದು ಸಲಕ್ಕೆ. ಅದನ್ನು ಪ್ರಿಂಟ್ ತೆಗೆದು ಅಂಟಿಸಿದರೆ ಟ್ಯಾಂಕ್ ಹತ್ತುವ ಕೆಲಸ ತಪ್ಪುತ್ತೆ. ಲೈಸೆನ್ಸ್ ಕೀ, ಕೊಂಡ ತಾರೀಖು, ರಸೀದಿಯ ಪ್ರಿಂಟ್ ಇರಲಿ. ಹೊಸ ಲ್ಯಾಪ್‌ಟಾಪ್ ಆದರೆ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರಬಹುದು, ಅದರ 48 ಅಂಕಿಯ ರಿಕವರಿ ಕೀ ಇಲ್ಲದಿದ್ದರೆ ನಾವು ಮಾಡಿದ ಹಾಗೆ ಡಿಸ್ಕ್ ಬಿಚ್ಚಿ ಫೋಟೋ ತೆಗೆಯೋದೂ ಆಗದು. ರಿಕವರಿ ಫೋನ್ ಆ ಮನೆಯವರದ್ದೇ ಆಗಿರಲಿ, ನಮ್ಮದಲ್ಲ. ಸಾಫ್ಟ್‌ವೇರ್ ಕೂಡ ಸಾಧ್ಯವಾದಷ್ಟು ಲಿಬ್ರೆಆಫೀಸ್‌ನಂಥ ಮುಕ್ತ ತಂತ್ರಾಂಶವೇ ಇರಲಿ. ಅವತ್ತು ಎಲ್ಲಕ್ಕಿಂತ ಬೇಗ ಎದ್ದು ಕೂತದ್ದು ಕೀ ಕೇಳದ ನುಡಿ ಅನ್ನೋದನ್ನು ಮರೆಯಬೇಡಿ.

ಇದು ಊರಿನವರ ಕಥೆ ಮಾತ್ರ ಅಂದ್ಕೋಬೇಡಿ. ನಮ್ಮ ಹಾಸ್ಟೆಲಿನಲ್ಲಿ ಎಷ್ಟು ಜನ ಗಿಟ್‌ಹಬ್‌ನ ರಿಕವರಿ ಕೋಡ್ ಇಳಿಸಿಟ್ಟಿದ್ದೀರಿ? ಫೋನ್ ಕಳೆದರೆ ಫೈನಲ್ ಇಯರ್ ಪ್ರಾಜೆಕ್ಟ್ ಇರುವ ಖಾತೆಗೆ ಹೇಗೆ ಹೋಗ್ತೀರಿ? ಆಟೋಕ್ಯಾಡ್‌ನ ವಿದ್ಯಾರ್ಥಿ ಲೈಸೆನ್ಸ್ ವರ್ಷ ವರ್ಷ ನವೀಕರಿಸಬೇಕಾದದ್ದು. ಕಾಲೇಜಿನ ಇಮೇಲಿಗೆ ಜೋಡಿಸಿದ ಖಾತೆಗಳು ನಾವು ಪಾಸಾಗಿ ಹೋದ ಮೇಲೆ ಏನಾಗುತ್ತವೆ ಅಂತ ಒಮ್ಮೆಯಾದರೂ ಕೇಳಿದ್ದೀವಾ?

ದೊಡ್ಡಪ್ಪ ಈಗ ಬೇರೆ ಕಂಪ್ಯೂಟರ್ ತಗೊಂಡಿದ್ದಾರೆ. ಲೆಕ್ಕದ ಸಾಫ್ಟ್‌ವೇರನ್ನು ಎರಡನೇ ಸಲ ದುಡ್ಡು ಕೊಟ್ಟು ಕೊಂಡರು. ಹೋಂಸ್ಟೇಯ ಆ ಇಮೇಲ್ ಇವತ್ತಿಗೂ ತೆರೆದಿಲ್ಲ. ಹಳೇ ಅತಿಥಿಗಳು ಅದಕ್ಕೇ ಬರೆಯುತ್ತಿರಬಹುದು, ಉತ್ತರ ಬರಲಿಲ್ಲ ಅಂತ ಬೇರೆ ಮನೆ ಹುಡುಕಿಕೊಂಡು ಹೋಗುತ್ತಿರಬಹುದು. ದೊಡ್ಡಪ್ಪ ನಮಗೆ ಒಂದು ಮಾತೂ ಬೈಯಲಿಲ್ಲ. "ನೀವು ಚಿಕ್ಕೋರು, ನಿಮಗೇನು ಗೊತ್ತಿತ್ತು" ಅಂದರು. ಬೈದಿದ್ದರೇ ವಾಸಿ ಇತ್ತು.

ಈಗ ನಮಗೆ ಗೊತ್ತಾಗಿದೆ. ಈ ಸೆಮಿಸ್ಟರ್ ಮುಗಿಸಿ ಊರಿಗೆ ಹೋಗುವಾಗ ಬಸ್‌ಸ್ಟ್ಯಾಂಡಿನ ಹತ್ತಿರ ಗಟ್ಟಿ ರಟ್ಟಿನ ಒಂದು ನೋಟ್‌ಬುಕ್ ಕೊಳ್ಳಿ. ಮನೆಯಲ್ಲಿ ಅಪ್ಪ ಅಮ್ಮನ ಜೊತೆ ಒಂದು ಸಂಜೆ ಕೂತು, ಒಂದೊಂದೇ ಖಾತೆ ತೆರೆದು, ಅವರ ಕೈಯಲ್ಲೇ, ಅವರಿಗೆ ಓದಲು ಬರುವ ಹಾಗೆ ಬರೆಸಿ. ಮೋಡ ಕಟ್ಟಿದರೆ ನೆಟ್ ಕೇಬಲ್ಲೂ ಕೀಳಬೇಕು ಅಂತ ಮೊದಲ ಪುಟದಲ್ಲೇ ಬರೆಸಿಬಿಡಿ.